ಟೇಸ್ಟಿಂಗ್ ಮೆನು ಊಟಕ್ಕೆ ಬೆಂಗಳೂರಿಗೆ ಹೊರಡುವ ಮುನ್ನ: ದಾವಣಗೆರೆಯವರಿಗೊಂದು ಸಮಗ್ರ ಮಾರ್ಗದರ್ಶಿ

ದಾವಣಗೆರೆಯ ಯಾವುದೇ ಹೋಟೆಲಿಗೆ ಹೋದರೂ ನಾವು ಕುಳಿತ ಮೇಲೆ ಆರಿಸುತ್ತೇವೆ. ಬೆಣ್ಣೆ ದೋಸೆಯೋ, ಖಾಲಿಯೋ, ಓಪನ್ನೋ, ಮೇಲೆ ಬೆಣ್ಣೆ ಹೆಚ್ಚು ಬೇಕೋ ಸಾಕೋ ಎಂಬುದೆಲ್ಲ ಹಂಚಿನ ಎದುರಿಗೇ ತೀರ್ಮಾನವಾಗುತ್ತದೆ. ಟೇಸ್ಟಿಂಗ್ ಮೆನು ಬಡಿಸುವ ಫೈನ್ ಡೈನಿಂಗ್ ಹೋಟೆಲಿನಲ್ಲಿ ಈ ಅವಕಾಶವೇ ಇರುವುದಿಲ್ಲ. ಅಲ್ಲಿ ಏಳೋ ಹತ್ತೋ ಹದಿಮೂರೋ ತಿನಿಸುಗಳು ಬಾಣಸಿಗ ನಿಶ್ಚಯಿಸಿದ ಕ್ರಮದಲ್ಲಿ ಒಂದರ ಹಿಂದೊಂದು ಬರುತ್ತವೆ, ಎಲ್ಲರಿಗೂ ಹೆಚ್ಚುಕಡಿಮೆ ಅದೇ ಊಟ, ಹಣವೂ ಬಹುಪಾಲು ಮುಂಗಡವಾಗಿಯೇ ಸಂದಿರುತ್ತದೆ. ಆದ್ದರಿಂದ ಆರಿಸುವ ಕೆಲಸವೆಲ್ಲ ಮನೆಯಲ್ಲೇ, ಫೋನಿನಲ್ಲೇ, ಮೇಜು ಕಾಯ್ದಿರಿಸುವ ಮೊದಲೇ ಮುಗಿಯಬೇಕು. ಇದನ್ನು ನಾವು ತಿಳಿದದ್ದು ಮೊದಲ ಸಲ ಎಡವಿದ ಮೇಲೆ. ಆ ಕಥೆ ಮುಂದೆ ಬರುತ್ತದೆ.

ಇದು ಎಂಥ ಊಟ

ಊಟವನ್ನು ಬಗೆಬಗೆಯಾಗಿ, ಒಂದಾದ ಮೇಲೊಂದರಂತೆ ಬಡಿಸುವ ಪದ್ಧತಿ ಯುರೋಪಿನಲ್ಲಿ ಬೇರೂರಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ರಷ್ಯಾದ ರೀತಿಯೆಂದು ಹೆಸರಾದ ಈ ಕ್ರಮ ಬರುವ ಮೊದಲು ಅಲ್ಲಿಯ ಶ್ರೀಮಂತರ ಮನೆಗಳಲ್ಲೂ ಹತ್ತಾರು ಪಾತ್ರೆಗಳನ್ನು ಒಟ್ಟಿಗೇ ಮೇಜಿನ ಮೇಲೆ ಹರಡುತ್ತಿದ್ದರು. 1970ರ ದಶಕದ ಫ್ರೆಂಚ್ ಬಾಣಸಿಗರು ಅದನ್ನೇ ಇನ್ನಷ್ಟು ಚಿಕ್ಕ ಚಿಕ್ಕ ತುತ್ತುಗಳಾಗಿ ಒಡೆದರು. ಚಿಕ್ಕ ಚಿಕ್ಕ ತಿನಿಸುಗಳನ್ನು ಕ್ರಮವಾಗಿ ಬಡಿಸುವ ಜಪಾನಿನ ಕೈಸೆಕಿ ಊಟದ ಪ್ರಭಾವವೂ ಅದರಲ್ಲಿ ಸೇರಿತು. ನಮ್ಮವರಿಗೆ ಇದು ತೀರಾ ಅಪರಿಚಿತವೇನಲ್ಲ. ಮದುವೆಯ ಪಂಕ್ತಿಯಲ್ಲಿ ಎಲೆಯ ತುದಿಗೆ ಉಪ್ಪು, ಆಮೇಲೆ ಕೋಸಂಬರಿ, ಪಲ್ಯ, ಹೋಳಿಗೆ, ತುಪ್ಪ, ಅನ್ನ, ಸಾರು, ಕೊನೆಗೆ ಮಜ್ಜಿಗೆ ಎಂಬ ಕ್ರಮವನ್ನೂ ಊಟ ಮಾಡುವವರು ಆರಿಸುವುದಿಲ್ಲ; ಬಡಿಸಿದ್ದನ್ನು ಉಣ್ಣುತ್ತಾರೆ. ವ್ಯತ್ಯಾಸವೆಂದರೆ ಪಂಕ್ತಿಯಲ್ಲಿ ‘ಇನ್ನೊಂದು ಹೋಳಿಗೆ ಹಾಕ್ರಿ’ ಎನ್ನಬಹುದು, ಇಲ್ಲಿ ಎರಡನೆಯ ಸಲ ಬಡಿಸುವುದಿಲ್ಲ.

ಹೊಟ್ಟೆ ತುಂಬುತ್ತದೆಯೇ ಎಂಬುದು ನಮ್ಮ ಕಡೆಯ ಎಲ್ಲರೂ ಕೇಳುವ ಮೊದಲ ಪ್ರಶ್ನೆ. ತುಂಬುತ್ತದೆ. ಒಂದೊಂದು ತಟ್ಟೆಯಲ್ಲಿ ಎರಡು ಮೂರು ತುತ್ತೇ ಇದ್ದರೂ ಎರಡೂವರೆ ಮೂರು ಗಂಟೆ ನಿಧಾನವಾಗಿ ತಿನ್ನುವುದರಿಂದ ಎಂಟನೆಯ ತಟ್ಟೆಯ ಹೊತ್ತಿಗೆ ಸಾಕೆನಿಸುತ್ತದೆ.

ಮೊದಲ ಹೆಜ್ಜೆ: ಉಣ್ಣುವವರ ಪಟ್ಟಿ

ಹೋಟೆಲುಗಳ ಹೆಸರು ಹುಡುಕುವ ಮೊದಲು ಒಂದು ಹಾಳೆಯ ಮೇಲೆ ಯಾರ್ಯಾರು ಬರುತ್ತಾರೆ, ಅವರು ಏನನ್ನು ತಿನ್ನುವುದಿಲ್ಲ ಎಂದು ಬರೆಯಿರಿ. ಸಸ್ಯಾಹಾರಿ ಎಂಬ ಒಂದೇ ಪದ ಸಾಲದು. ಮೊಟ್ಟೆ ನಡೆಯುತ್ತದೆಯೇ, ಈರುಳ್ಳಿ ಬೆಳ್ಳುಳ್ಳಿ ನಡೆಯುತ್ತವೆಯೇ, ಅಣಬೆ ಸೇರುತ್ತದೆಯೇ, ಶೇಂಗಾ ಅಥವಾ ಗೋಡಂಬಿ ತಿಂದರೆ ಮೈ ಕೆರೆತ ಬರುತ್ತದೆಯೇ, ಅಡುಗೆಗೆ ವೈನ್ ಹಾಕಿದರೆ ಅಭ್ಯಂತರವಿದೆಯೇ ಎಂಬುದನ್ನು ಪ್ರತಿಯೊಬ್ಬರ ಹೆಸರಿನ ಮುಂದೆ ಗುರುತಿಸಬೇಕು. ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ ಒಂದು ತಟ್ಟೆಗೂ ಇನ್ನೊಂದಕ್ಕೂ ನಡುವೆ ಹದಿನೈದು ಇಪ್ಪತ್ತು ನಿಮಿಷ ಕಾಯಬೇಕಾಗುವುದು ಅವರ ಮಾತ್ರೆಯ ಹೊತ್ತಿಗೆ ಹೊಂದುತ್ತದೆಯೇ ಎಂದು ಯೋಚಿಸಿ. ಮಕ್ಕಳ ವಿಷಯದಲ್ಲಿ ಹಲವು ಹೋಟೆಲುಗಳು ವಯಸ್ಸಿನ ಮಿತಿ ಇಟ್ಟಿರುತ್ತವೆ, ಇಲ್ಲದಿದ್ದರೂ ಮೂರು ಗಂಟೆ ಕುರ್ಚಿಯಲ್ಲಿ ಕೂರುವ ಶಿಕ್ಷೆಯನ್ನು ಎಂಟು ವರ್ಷದ ಮಗುವಿಗೆ ಕೊಡಬೇಕಿಲ್ಲ.

ಎರಡನೆಯ ಹೆಜ್ಜೆ: ಯಾವ ರುಚಿಯಿಂದ ಆರಂಭಿಸಬೇಕು

ಈ ವಿಷಯದಲ್ಲಿ ನನ್ನ ಅಭಿಪ್ರಾಯ ಹಲವರಿಗೆ ಒಪ್ಪಿಗೆಯಾಗದು. ಮೊದಲ ಸಲ ಹೋಗುವವರು ಜಪಾನಿ ಅಥವಾ ಯುರೋಪಿಯನ್ ಊಟವನ್ನು ಆರಿಸಬಾರದು. ಪರಿಚಿತ ರುಚಿಯನ್ನು ಬಾಣಸಿಗ ಎಷ್ಟು ದೂರ ಒಯ್ದಿದ್ದಾನೆ ಎಂಬುದು ನಾಲಗೆಗೆ ತಿಳಿಯಬೇಕಾದರೆ ಹೊರಟ ಜಾಗ ಗೊತ್ತಿರಬೇಕು. ಮಿರ್ಚಿ ಮಂಡಕ್ಕಿಯ ಖಾರಕ್ಕೆ, ಎಣ್ಣೆಗಾಯಿಯ ಗುರೆಳ್ಳಿಗೆ ಪಳಗಿದ ನಾಲಗೆಗೆ ಬೆಣ್ಣೆ, ಕೆನೆ, ಹೊಗೆ, ಹುಳಿಯ ಮೇಲೆ ನಿಂತ ಅಡುಗೆ ಮೊದಲಿಗೆ ಸಪ್ಪೆ ಎನಿಸುತ್ತದೆ. ಅದು ಅಡುಗೆಯ ದೋಷವಲ್ಲ, ಆದರೆ ಅಷ್ಟು ಹಣ ಕೊಟ್ಟು ಆ ಪಾಠ ಕಲಿಯುವುದೇಕೆ?

ಉದಾಹರಣೆಗೆ ಚೆನ್ನೈನ ಐಟಿಸಿ ಗ್ರ್ಯಾಂಡ್ ಚೋಳ ಹೋಟೆಲಿನಲ್ಲಿ 2017ರಲ್ಲಿ ಆರಂಭವಾದ ಆವರ್ತನ ಎಂಬ ರೆಸ್ಟೋರೆಂಟು ದಕ್ಷಿಣ ಭಾರತದ ಅಡುಗೆಯನ್ನೇ ಏಳರಿಂದ ಹದಿಮೂರು ಬಗೆಗಳ ಊಟವಾಗಿ ಕಟ್ಟಿದೆ. ಅಲ್ಲಿಯ ಹೆಸರುವಾಸಿ ತಿನಿಸು ಟೊಮೆಟೊ ರಸಂ. ಕಾಫಿ ಸೋಸುವ ಗಾಜಿನ ಪಾತ್ರೆಯಲ್ಲಿ ಸೊಪ್ಪಿನ ಪರಿಮಳ ಇಳಿಸಿ, ಮಾರ್ಟಿನಿ ಲೋಟಕ್ಕೆ ಸುರಿದು ಕೊಡುತ್ತಾರೆ. ತಿಳಿಸಾರು ಕುಡಿದು ಬೆಳೆದವರಿಗೆ ಆ ಲೋಟದಲ್ಲಿ ಏನಿದೆ, ಏನಿಲ್ಲ ಎಂದು ಮೊದಲ ಗುಟುಕಿನಲ್ಲೇ ತಿಳಿಯುತ್ತದೆ. ಬೆಂಗಳೂರಿನಲ್ಲಿ ಇದೇ ಬಗೆಯ ಊಟ ಬೇಕೆನ್ನುವವರು ನಗರದ ಉತ್ತರಕ್ಕೆ, ಬಾಗಲೂರು ಕಡೆ ಹೊಲದ ನಡುವೆ ಇರುವ ಫಾರ್ಮ್‌ಲೋರ್ ಅನ್ನು ಪರಿಶೀಲಿಸಬಹುದು. ಸುಮಾರು ಹದಿನೆಂಟು ಜನ ಮಾತ್ರ ಕೂರುವ ಜಾಗ, ಸುತ್ತ ಬೆಳೆದ ಪದಾರ್ಥ, ಸೌದೆ ಬೆಂಕಿಯ ಅಡುಗೆ. ಮುಂಬೈಗೆ ಹೋಗುವವರಿಗೆ ಮಹಾಲಕ್ಷ್ಮಿಯ ಹಳೆಯ ಗಿರಣಿ ಪ್ರದೇಶದಲ್ಲಿ 2016ರಿಂದ ನಡೆಯುತ್ತಿರುವ ಮಾಸ್ಕ್ ಇದೆ. ಹತ್ತಿ ಗಿರಣಿಗಳ ಊರಿನಿಂದ ಹೋದ ನಮಗೆ ಆ ಗಲ್ಲಿಯಲ್ಲಿ ನಡೆಯುವಾಗ ಒಂದು ಬಗೆಯ ನೆಂಟಸ್ತಿಕೆ ಅನಿಸುತ್ತದೆ.

ಇನ್ನು ಇಷ್ಟೆಲ್ಲ ನಿಯಮದ ಊಟವೇ ಬೇಡ, ಆದರೆ ಒಳ್ಳೆಯ ಊಟ ಬೇಕು ಎನ್ನುವವರು ಹಿಂಜರಿಯಬೇಕಿಲ್ಲ. ಬೆಂಗಳೂರಿನ ರೆಸಿಡೆನ್ಸಿ ರಸ್ತೆಯಲ್ಲಿ 1990ರಿಂದ ನಡೆಯುತ್ತಿರುವ ‘ಕರಾವಳಿ’ಯಂಥ ಕಡೆ ಮೆನು ನೋಡಿ ಬೇಕಾದ್ದನ್ನೇ ತರಿಸಬಹುದು.

ಮೂರನೆಯ ಹೆಜ್ಜೆ: ಪ್ರಶಸ್ತಿ, ನಕ್ಷತ್ರ, ವಿಮರ್ಶೆಗಳನ್ನು ಓದುವ ಬಗೆ

‘ಮಿಶೆಲಿನ್ ಶೆಫ್’ ಎಂಬ ಜಾಹೀರಾತು ಕಂಡರೆ ಒಂದು ಕ್ಷಣ ನಿಲ್ಲಿ. ಮಿಶೆಲಿನ್ ಎಂಬ ಟೈರ್ ಕಂಪನಿ 1900ರಲ್ಲಿ ವಾಹನ ಸವಾರರಿಗಾಗಿ ಹೊರತಂದ ಕೈಪಿಡಿ 1926ರಿಂದ ಹೋಟೆಲುಗಳಿಗೆ ನಕ್ಷತ್ರ ಕೊಡುತ್ತ ಬಂದಿದೆ. ಆ ನಕ್ಷತ್ರ ಸಲ್ಲುವುದು ಹೋಟೆಲಿಗೆ, ಬಾಣಸಿಗನಿಗಲ್ಲ. ಮೇಲಾಗಿ 2025ರವರೆಗೆ ಭಾರತದ ಯಾವ ನಗರವೂ ಆ ಕೈಪಿಡಿಯ ವ್ಯಾಪ್ತಿಗೆ ಬಂದಿರಲಿಲ್ಲ. ಹಾಗಾಗಿ ಜಾಹೀರಾತಿನ ಅರ್ಥ ಸಾಮಾನ್ಯವಾಗಿ ಇಷ್ಟೇ: ಆತ ವಿದೇಶದ ನಕ್ಷತ್ರ ಪಡೆದ ಅಡುಗೆಮನೆಯೊಂದರಲ್ಲಿ ಎಂದೋ ಕೆಲಸ ಮಾಡಿದ್ದಾನೆ. ಅದು ಅರ್ಹತೆಯೇ ಹೌದು, ಆದರೆ ಪ್ರಮಾಣಪತ್ರವಲ್ಲ. 2013ರಿಂದ ಪ್ರಕಟವಾಗುವ ‘ಏಷ್ಯಾದ 50 ಅತ್ಯುತ್ತಮ ರೆಸ್ಟೋರೆಂಟುಗಳು’ ಪಟ್ಟಿಯಲ್ಲಿ ಭಾರತದ ಹೆಸರುಗಳು ಕಾಣುತ್ತವೆ. ಅದು ಬಾಣಸಿಗರು, ಆಹಾರ ಬರಹಗಾರರು, ಹೋಟೆಲು ನಡೆಸುವವರು ಹಾಕುವ ಮತಗಳ ಪಟ್ಟಿ, ತಪಾಸಣೆಯ ವರದಿಯಲ್ಲ.

ಅದಕ್ಕಿಂತ ಮುಖ್ಯವಾದ ಪ್ರಶ್ನೆ, ಈಗ ಒಲೆಯ ಮುಂದೆ ಯಾರಿದ್ದಾರೆ ಎಂಬುದು. ಭಟ್ಟರು ಬದಲಾದ ವಾರವೇ ಸಾರು ಬದಲಾಗುತ್ತದೆ ಎಂಬುದು ದಾವಣಗೆರೆಯಲ್ಲಿ ಹೋಟೆಲ್ ತಿಂಡಿ ತಿನ್ನುವ ಯಾರಿಗೂ ಹೇಳಿಕೊಡಬೇಕಾದ ಮಾತಲ್ಲ. ದೊಡ್ಡ ಹೋಟೆಲುಗಳಲ್ಲೂ ಹಾಗೆಯೇ. ಮಾಸ್ಕ್‌ನ ಮೊದಲ ಮುಖ್ಯ ಬಾಣಸಿಗ ಪ್ರತೀಕ್ ಸಾಧು 2022ರಲ್ಲಿ ಅಲ್ಲಿಂದ ಹೊರಬಂದರು, ಅವರ ಜಾಗಕ್ಕೆ ವರುಣ್ ತೊತ್ಲಾನಿ ಬಂದರು. ದೆಹಲಿಯ ಇಂಡಿಯನ್ ಆಕ್ಸೆಂಟ್‌ಗೆ ಹೆಸರು ತಂದ ಮನೀಶ್ ಮೆಹ್ರೋತ್ರಾ 2024ರಲ್ಲಿ ಅದನ್ನು ಬಿಟ್ಟರು. ಎರಡೂ ಹೋಟೆಲುಗಳು ಆಮೇಲೂ ಚೆನ್ನಾಗಿಯೇ ನಡೆಯುತ್ತಿವೆ, ಆದರೆ 2021ರ ವಿಮರ್ಶೆಯನ್ನು ನಂಬಿ ಇಂದು ಹೋದವರು ಬೇರೊಬ್ಬರ ಅಡುಗೆಯನ್ನು ಉಣ್ಣುತ್ತಾರೆ. ಆದ್ದರಿಂದ ಈಚಿನ ಮೂರು ನಾಲ್ಕು ತಿಂಗಳ ಅಭಿಪ್ರಾಯಗಳನ್ನು ಮಾತ್ರ ಓದಿ. ಅವುಗಳಲ್ಲೂ ಐದು ಚುಕ್ಕೆಯ ಹೊಗಳಿಕೆಯನ್ನೂ ‘ತಟ್ಟೆ ದೊಡ್ಡದು, ಊಟ ಚಿಕ್ಕದು’ ಎಂಬ ಒಂದು ಚುಕ್ಕೆಯ ಗೊಣಗನ್ನೂ ಬದಿಗಿಟ್ಟು, ನಡುವಿನ ಎರಡು ಮೂರು ಚುಕ್ಕೆಯ ಬರಹಗಳನ್ನು ನೋಡಿ. ತಟ್ಟೆಗಳ ನಡುವೆ ನಲವತ್ತು ನಿಮಿಷ ಕಾದೆವು, ಸಸ್ಯಾಹಾರಿಗಳಿಗೆ ಮೂರು ಸಲ ಅದೇ ಗೆಣಸು ಬಂತು ಎಂಬಂಥ ಉಪಯುಕ್ತ ದೂರುಗಳು ಸಿಗುವುದು ಅಲ್ಲೇ.

ನಾಲ್ಕನೆಯ ಹೆಜ್ಜೆ: ಫೋನ್ ಮಾಡಿ ಕೇಳುವುದು

ನಮ್ಮ ಇಪ್ಪತ್ತೈದನೆಯ ಮದುವೆ ವಾರ್ಷಿಕೋತ್ಸವಕ್ಕೆ ಬೆಂಗಳೂರಿನ ಒಂದು ಹೋಟೆಲಿನಲ್ಲಿ ಆನ್‌ಲೈನಿನಲ್ಲೇ ಮೇಜು ಕಾಯ್ದಿರಿಸಿದ್ದೆ. ಫಾರ್ಮಿನಲ್ಲಿ ‘ವೆಜ್’ ಎಂಬ ಚೌಕಕ್ಕೆ ಗುರುತು ಹಾಕಿದ್ದೆ, ಅಷ್ಟಕ್ಕೇ ನೆಮ್ಮದಿಯಾಗಿದ್ದೆ. ನಾಲ್ಕನೆಯ ತಟ್ಟೆಯಾಗಿ ಚಿಕ್ಕ ಮಣ್ಣಿನ ಬಟ್ಟಲಿನಲ್ಲಿ ಅಣಬೆಯ ತಿಳಿಸಾರು ಬಂತು. ಬಂಗಾರದ ಬಣ್ಣ, ಮೇಲೆ ಎರಡು ಹನಿ ಹಸಿರು ಎಣ್ಣೆ. ನನ್ನ ಹೆಂಡತಿ ಚಮಚವನ್ನು ತುಟಿಯವರೆಗೆ ಒಯ್ದವಳು ಹಾಗೆಯೇ ಕೆಳಗಿಟ್ಟಳು. “ನೋಡ್ರೀ, ಇದ್ಯಾಕೋ ಬರೇ ಅಣಬೆ ಅನ್ಸಲ್ಲ. ಕೇಳ್ರಿ ಒಂದ್ಸಲ” ಎಂದಳು. ಬಡಿಸುವ ಹುಡುಗ ಒಳಗೆ ಹೋಗಿ ಬಂದು, ತಗ್ಗಿದ ದನಿಯಲ್ಲಿ, “ಸರ್, ಬೇಸ್ ಚಿಕನ್ ಸ್ಟಾಕ್ ಸರ್, ಪೀಸ್ ಇರಲ್ಲ” ಎಂದ. ಆತನ ಮಟ್ಟಿಗೆ ತುಂಡು ಇಲ್ಲದ್ದು ವೆಜ್. ಹೋಟೆಲಿನವರು ಕ್ಷಮೆ ಕೇಳಿದರು, ಬಟ್ಟಲು ಒಯ್ದರು, ಬೇರೇನೋ ತಂದರು. ಆದರೆ ಮುಂದಿನ ಆರು ತಟ್ಟೆಗಳನ್ನು ಅವಳು ಬರೀ ನೋಡಿದಳು. ಮನೆಯಿಂದ ಕಟ್ಟಿ ತಂದಿದ್ದ ಅವಲಕ್ಕಿಯನ್ನು ರಾತ್ರಿ ಹನ್ನೊಂದಕ್ಕೆ ಲಾಡ್ಜಿನಲ್ಲಿ ಇಬ್ಬರೂ ತಿಂದೆವು.

ಇಂಥ ಹೋಟೆಲುಗಳಲ್ಲಿ ಕಣ್ಣಿಗೆ ಕಾಣದ ಮಾಂಸವೇ ಸಸ್ಯಾಹಾರಿಗಳಿಗೆ ತೊಡಕು. ಸ್ಟಾಕ್, ಅಂದರೆ ಎಲುಬು ಬೇಯಿಸಿದ ನೀರು, ಸೂಪಿಗೂ ಸಾಸಿಗೂ ಅಡಿಪಾಯ. ಪನ್ನಾ ಕೋಟಾದಂಥ ನಡುಗುವ ಸಿಹಿತಿನಿಸಿಗೆ ಹಾಕುವ ಜೆಲಟಿನ್ ಪ್ರಾಣಿಗಳ ಚರ್ಮ ಮತ್ತು ಎಲುಬಿನದು. ಅದರ ಬದಲು ಕಡಲಪಾಚಿಯ ಅಗರ್ ಅಗರ್ ಹಾಕಲು ಬರುತ್ತದೆ. ಇಟಲಿಯ ಅಸಲಿ ಪಾರ್ಮಿಜಾನೋ ಚೀಸ್‌ಗೆ ಹಾಲು ಒಡೆಸಲು ಬಳಸುವುದು ಕರುವಿನ ಜಠರದಿಂದ ತೆಗೆದ ರೆನೆಟ್. ಥಾಯ್ ಅಡುಗೆಯ ಉಪ್ಪು ಬಹುಪಾಲು ಮೀನಿನ ಸಾಸಿನಿಂದ ಬರುತ್ತದೆ. ಸಾಂಪ್ರದಾಯಿಕ ವೂಸ್ಟರ್ ಸಾಸಿನಲ್ಲಿ ಆಂಚೊವಿ ಎಂಬ ಮೀನು ಇರುತ್ತದೆ. ಇವುಗಳನ್ನು ಒಂದೊಂದಾಗಿ ಹೆಸರಿಸಿ ಕೇಳಿದರೆ ಮಾತ್ರ ಉತ್ತರ ಸಿಗುತ್ತದೆ. ‘ಎಲ್ಲಾ ಪ್ಯೂರ್ ವೆಜ್ ತಾನೆ?’ ಎಂದು ಕೇಳಿದರೆ ‘ಹೌದು ಸರ್’ ಎಂಬ ಉತ್ತರ ಬಂದೇ ಬರುತ್ತದೆ.

ಈಗ ನಾನು ಕರೆ ಮಾಡುವುದು ಮಧ್ಯಾಹ್ನ ನಾಲ್ಕರಿಂದ ಐದರ ನಡುವೆ. ಮಧ್ಯಾಹ್ನದ ಊಟ ಮುಗಿದು ರಾತ್ರಿಯದು ಶುರುವಾಗುವ ಮೊದಲು ಅಡುಗೆಮನೆಯವರಿಗೆ ಮಾತಾಡಲು ಪುರುಸೊತ್ತು ಇರುತ್ತದೆ. ಮೊದಲ ಪ್ರಶ್ನೆ: ನಿಮ್ಮ ಸಸ್ಯಾಹಾರಿ ಊಟದ ಮುಖ್ಯ ತಿನಿಸು ಯಾವುದು? ‘ಮಾಂಸದ ಬದಲು ಪನೀರ್ ಹಾಕುತ್ತೇವೆ’ ಎಂದರೆ ಆ ಹೋಟೆಲನ್ನು ಪಟ್ಟಿಯಿಂದ ತೆಗೆಯುತ್ತೇನೆ. ಮಾಂಸದೂಟದಿಂದ ಕಳೆದು ಉಳಿದದ್ದನ್ನು ಅದೇ ದರಕ್ಕೆ ಕೊಡುವವರಿಗೂ, ತರಕಾರಿಗೆಂದೇ ಬೇರೆ ಕ್ರಮ ಕಟ್ಟಿದವರಿಗೂ ಅಜಗಜಾಂತರವಿದೆ. ಎರಡನೆಯದಾಗಿ ಸ್ಟಾಕ್, ಜೆಲಟಿನ್, ಚೀಸ್, ಮೊಟ್ಟೆಗಳ ವಿಷಯ. ಮೂರನೆಯದಾಗಿ, ಮೇಜಿನ ಎಲ್ಲರೂ ಒಂದೇ ಮೆನು ತೆಗೆದುಕೊಳ್ಳಬೇಕೇ, ಇಬ್ಬರು ವೆಜ್ ಇಬ್ಬರು ನಾನ್‌ವೆಜ್ ಆಗಬಹುದೇ. ನಾವು ಹೋಗುವ ದಿನದ ಮೆನು ಯಾವುದು ಎಂಬುದನ್ನೂ ಕೇಳುತ್ತೇನೆ, ಏಕೆಂದರೆ ಋತುವಿನೊಂದಿಗೆ ಅದು ಬದಲಾಗುತ್ತದೆ, ಜಾಲತಾಣದ ಚಿತ್ರದಲ್ಲಿರುವ ಮಾವು ಕಾರ್ತೀಕದಲ್ಲಿ ಸಿಗುವುದಿಲ್ಲ.

ಉತ್ತರಕ್ಕಿಂತ ಉತ್ತರಿಸುವ ರೀತಿಯನ್ನು ಗಮನಿಸಿ. ಕಳೆದ ಸಲ ಒಬ್ಬ ಹೆಣ್ಣುಮಗಳು, “ಸರ್, ಚೀಸ್ ವಿಚಾರ ನಂಗೆ ಗೊತ್ತಿಲ್ಲ, ಶೆಫ್‌ನ ಕೇಳಿ ಅರ್ಧ ಗಂಟೇಲಿ ಹೇಳ್ತೀನಿ” ಎಂದು ಹೇಳಿ, ಇಪ್ಪತ್ತು ನಿಮಿಷದಲ್ಲಿ ತಿರುಗಿ ಕರೆ ಮಾಡಿ, ಯಾವ ಎರಡು ತಟ್ಟೆಗಳನ್ನು ನಮಗಾಗಿ ಬದಲಿಸುತ್ತಾರೆಂದು ವಿವರಿಸಿದಳು. ಅಲ್ಲೇ ಮೇಜು ಕಾಯ್ದಿರಿಸಿದೆವು. ಹೇಳಿದ್ದನ್ನು ವಾಟ್ಸಾಪಿನಲ್ಲೋ ಇಮೇಲಿನಲ್ಲೋ ಬರೆಸಿಕೊಳ್ಳುವುದನ್ನು ಮರೆಯಬೇಡಿ. ಫೋನ್ ಎತ್ತಿದವರು ಆ ರಾತ್ರಿ ರಜೆಯಲ್ಲಿರಬಹುದು.

ಐದನೆಯ ಹೆಜ್ಜೆ: ಹಣದ ಲೆಕ್ಕ

ಮೆನುವಿನ ಮೇಲೆ ಬರೆದ ದರ ಕೊನೆಯ ದರವಲ್ಲ. ಸ್ವತಂತ್ರ ರೆಸ್ಟೋರೆಂಟಿನಲ್ಲಿ ಜಿಎಸ್‌ಟಿ ಶೇ 5. ಕೋಣೆಯ ಬಾಡಿಗೆ ದಿನಕ್ಕೆ ₹7,500 ಮೀರುವ ತಾರಾ ಹೋಟೆಲಿನ ಒಳಗಿರುವ ರೆಸ್ಟೋರೆಂಟಿನಲ್ಲಿ ಶೇ 18. ತಲೆಗೆ ₹5,000ದ ಊಟವೆಂದುಕೊಳ್ಳಿ. ಇಬ್ಬರಿಗೆ ₹10,000, ಮೊದಲ ಬಗೆಯ ಕಡೆ ತೆರಿಗೆ ಸೇರಿ ₹10,500, ಎರಡನೆಯ ಬಗೆಯ ಕಡೆ ₹11,800. ಅದರ ಮೇಲೆ ಶೇ 10 ಸೇವಾ ಶುಲ್ಕ ಸೇರಿಸಿ ಅದಕ್ಕೂ ತೆರಿಗೆ ಹಾಕಿದರೆ ₹12,980. ಒಂದೇ ದರದ ಊಟಕ್ಕೆ ಎರಡೂವರೆ ಸಾವಿರದಷ್ಟು ಅಂತರ.

ಸೇವಾ ಶುಲ್ಕ ಕಡ್ಡಾಯವಲ್ಲ. ಬಿಲ್ಲಿನಲ್ಲಿ ತಾನಾಗಿ ಅದನ್ನು ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು, 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ತೆಗೆಯಿರಿ ಎಂದು ಸಮಾಧಾನದಿಂದ ಹೇಳಿದರೆ ಸಾಕು, ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಸೇವೆ ಮೆಚ್ಚಿದ್ದರೆ ಬಡಿಸಿದವರ ಕೈಗೇ ಕೊಡುವುದು ನನ್ನ ರೂಢಿ.

ತಟ್ಟೆ ತಟ್ಟೆಗೆ ಹೊಂದುವ ಪಾನೀಯಗಳ ಸಾಲಿಗೆ ಬೇರೆ ದರ, ಮದ್ಯವಾದರೆ ಅದಕ್ಕೆ ಜಿಎಸ್‌ಟಿ ಅಲ್ಲದೆ ರಾಜ್ಯದ ಪ್ರತ್ಯೇಕ ತೆರಿಗೆ. ಮದ್ಯವಿಲ್ಲದ ಸಾಲೂ ಹಲವೆಡೆ ಇದೆ. ಆದರೆ ಇಬ್ಬರೂ ತೆಗೆದುಕೊಳ್ಳುವ ಬದಲು ಒಂದನ್ನು ತರಿಸಿ ಇಬ್ಬರೂ ರುಚಿ ನೋಡುವುದು ಜಾಣತನ. ಕೆಲವು ತಟ್ಟೆಗಳಿಗೆ ‘ಹೆಚ್ಚುವರಿ ದರ’ ಎಂಬ ಚಿಕ್ಕ ಅಕ್ಷರ ಇರುತ್ತದೆ. ಕುಡಿಯುವ ನೀರು ಬಾಟಲಿಯದೋ ಸಾದಾದೋ ಎಂದು ಕೇಳಿದಾಗ ಸಾದಾ ಎನ್ನಲು ಸಂಕೋಚ ಬೇಡ.

ಮುಂಗಡ ಹಣ ವಾಪಸಾಗುವ ಗಡುವನ್ನು ಬರೆದಿಟ್ಟುಕೊಳ್ಳಿ. ಕೆಲವೆಡೆ ಒಂದು ದಿನ, ಕೆಲವೆಡೆ ಮೂರು ದಿನ ಮೊದಲೇ ತಿಳಿಸಬೇಕು. ಹದಿನೆಂಟು ಕುರ್ಚಿಗಳ ಹೋಟೆಲಿನಲ್ಲಿ ನಾಲ್ಕು ಖಾಲಿ ಬಿದ್ದರೆ ಅವರಿಗೂ ನಷ್ಟವೇ, ಆ ಕಾರಣಕ್ಕೆ ಅವರು ಇಲ್ಲಿ ಬಿಗಿ.

ಆರನೆಯ ಹೆಜ್ಜೆ: ದಿನ, ಹೊತ್ತು, ದಾರಿ

ಬೆಂಗಳೂರಿನವರು ಬರೆದ ಸಲಹೆಗಳಲ್ಲಿ ಈ ಭಾಗ ಇರುವುದಿಲ್ಲ, ನಮಗೆ ಇದೇ ದೊಡ್ಡದು. ರಾತ್ರಿ ಏಳೂವರೆಗೆ ಕುಳಿತರೆ ಏಳುವುದು ಹತ್ತೂವರೆಗೆ. ನಗರದ ಹೊರಗಿನ ಹೋಟೆಲಾದರೆ ಅಲ್ಲಿಂದ ಮೆಜೆಸ್ಟಿಕ್ ಸೇರಿ ರಾತ್ರಿಯ ರೈಲು ಹಿಡಿಯುವುದು ಎದೆಬಡಿತದ ಕೆಲಸ, ಕೊನೆಯ ಎರಡು ಸಿಹಿಗಳನ್ನು ಗಡಿಯಾರ ನೋಡುತ್ತ ನುಂಗಬೇಕಾಗುತ್ತದೆ. ಮಧ್ಯಾಹ್ನದ ಊಟ ಇರುವ ಹೋಟೆಲನ್ನೇ ಆರಿಸಿದರೆ ಈ ತೊಂದರೆ ಇಲ್ಲ. ಮಧ್ಯಾಹ್ನದ ಮೆನು ಸಾಮಾನ್ಯವಾಗಿ ಚಿಕ್ಕದು, ದರವೂ ಕಡಿಮೆ, ಅಡುಗೆ ಅದೇ ಕೈಯದು. ಮೊದಲ ಸಲಕ್ಕೆ ಅದೇ ಸರಿ. ರಾತ್ರಿಯೇ ಬೇಕೆಂದರೆ ಉಳಿಯಲು ಕೋಣೆ ಹಿಡಿದು ಅದರ ಬಾಡಿಗೆಯನ್ನೂ ಊಟದ ಖರ್ಚಿಗೇ ಸೇರಿಸಿ ಲೆಕ್ಕ ಹಾಕಿ. ಧಾರವಾಡದಿಂದ ಬರುವ ವಂದೇ ಭಾರತ್ ದಾವಣಗೆರೆಯಲ್ಲಿ ನಿಲ್ಲುತ್ತದೆ, ಆದರೆ ಮಧ್ಯಾಹ್ನ ಇಲ್ಲಿಂದ ಹೊರಟು ಬೆಂಗಳೂರು ಮುಟ್ಟುವಷ್ಟರಲ್ಲಿ ಸಂಜೆ ಕಳೆದಿರುತ್ತದೆ. ಅಂದೇ ರಾತ್ರಿಯ ಊಟವನ್ನು ಅದಕ್ಕೆ ಜೋಡಿಸಬೇಡಿ.

ಕಾರಿನಲ್ಲಿ ಹೋಗುವವರಿಗೆ ದಾವಣಗೆರೆಯಿಂದ ಸುಮಾರು 260 ಕಿಲೋಮೀಟರ್, ಚಿತ್ರದುರ್ಗದಿಂದ 200. ಯಲಹಂಕ, ಬಾಗಲೂರು ಕಡೆಯ ಹೋಟೆಲಾದರೆ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ದಾರಿ ಹಿಡಿಯಿರಿ, ಗೊರಗುಂಟೆಪಾಳ್ಯದ ದಟ್ಟಣೆ ತಪ್ಪುತ್ತದೆ. ದಾರಿಯಲ್ಲಿ ಹಿರಿಯೂರಿನಲ್ಲೋ ಶಿರಾದಲ್ಲೋ ಹೊಟ್ಟೆ ತುಂಬ ತಿಂಡಿ ತಿನ್ನುವ ಚಾಳಿ ನಮ್ಮಲ್ಲಿ ಎಲ್ಲರಿಗೂ ಇದೆ. ಅಂದು ಒಂದು ದಿನ ಕಾಫಿಗಷ್ಟೇ ನಿಲ್ಲಿ.

ಸೋಮವಾರ ಅನೇಕ ಹೋಟೆಲುಗಳಿಗೆ ರಜೆ, ನಮ್ಮಲ್ಲಿ ಅನೇಕರಿಗೆ ಒಪ್ಪೊತ್ತು. ಶನಿವಾರ ರಾತ್ರಿಗಿಂತ ಬುಧವಾರ ಗುರುವಾರಗಳಲ್ಲಿ ಬಡಿಸುವವರಿಗೆ ನಿಮ್ಮೊಡನೆ ಮಾತಾಡಲು ಸಮಯವಿರುತ್ತದೆ. ಹೆಸರಾದ ಕಡೆಗಳಲ್ಲಿ ಒಂದು ತಿಂಗಳು ಮೊದಲೇ ಮೇಜು ತುಂಬಿರುತ್ತದೆ. ಮುಂಬೈನ ಬಾಂದ್ರಾದ ಪಾಪಾಸ್‌ನಂಥ ಕಡೆ ಇರುವುದೇ ಹನ್ನೆರಡು ಕುರ್ಚಿ.

ಮೇಜಿನ ಮುಂದೆ

ಇಲ್ಲಿ ಮಾಡುವುದು ಹೆಚ್ಚೇನೂ ಉಳಿದಿಲ್ಲ. ಕುಳಿತ ಕೂಡಲೇ, ಮೊದಲ ತಟ್ಟೆ ಬರುವ ಮೊದಲು, ಫೋನಿನಲ್ಲಿ ಹೇಳಿದ್ದನ್ನು ಬಡಿಸುವವರಿಗೆ ಇನ್ನೊಮ್ಮೆ ಹೇಳಿ. ಬ್ರೆಡ್ಡು ಬೆಣ್ಣೆ ಬಂದಾಗ ನಮ್ಮೂರಿನ ನೆನಪಿನಿಂದ ಬೆಣ್ಣೆಯನ್ನೆಲ್ಲ ಖಾಲಿ ಮಾಡಿದರೆ ಆಮೇಲಿನ ಐದು ತಟ್ಟೆಗಳಿಗೆ ಹೊಟ್ಟೆಯಲ್ಲಿ ಜಾಗವಿರದು. ಚಾಕು ಫೋರ್ಕುಗಳ ಸಾಲು ಹೆದರಿಸಿದರೆ ಹೊರಗಿನಿಂದ ಒಳಕ್ಕೆ ಒಂದೊಂದಾಗಿ ಎತ್ತಿಕೊಳ್ಳುತ್ತ ಹೋಗಿ. ನಾನು ಎರಡು ಮೂರು ತಟ್ಟೆಗಳನ್ನು ಕೈಯಲ್ಲೇ ತಿಂದಿದ್ದೇನೆ, ಯಾರೂ ಹುಬ್ಬೇರಿಸಲಿಲ್ಲ.

ಹೊರಡುವಾಗ ಅಂದಿನ ಮೆನುವಿನ ಮುದ್ರಿತ ಪ್ರತಿಯನ್ನು ಕೇಳಿ, ಸಾಮಾನ್ಯವಾಗಿ ಕೊಡುತ್ತಾರೆ. ಮುಂದಿನ ಸಲ ಆರಿಸುವಾಗ ಅದೇ ಆಧಾರ. ನಮ್ಮ ಎರಡನೆಯ ಹೋಟೆಲಿನ ಪ್ರತಿ ಅಡುಗೆಮನೆಯ ಕಪಾಟಿನ ಬಾಗಿಲ ಒಳಗೆ ಅಂಟಿಕೊಂಡಿದೆ. ಮೂರನೆಯ ಸಾಲಿನ ಎದುರು ಹೆಂಡತಿಯ ಅಕ್ಷರದಲ್ಲಿ ‘ಹುರುಳಿ ಕಟ್ಟು, ಚಲೋ ಐತಿ’ ಎಂದೂ, ಎಂಟನೆಯದರ ಎದುರು ‘ಉಪ್ಪು ಜಾಸ್ತಿ’ ಎಂದೂ ಇದೆ.